ರವೆಯ ಮರಳುಗಾಡಿನಲ್ಲಿ ಮೈಸೂರಿನ ಕುದುರೆಗಳು

ಕಳೆದ ಬೇಸಿಗೆ ರಜೆಯಲ್ಲಿ ನಮ್ಮ ಮನೆಯ ಅಡುಗೆಮನೆಯಿಂದ ಎರಡು ಕೆ.ಜಿ. ಚಿರೋಟಿ ರವೆ ಕಾಣೆಯಾಯಿತು. ನೆಂಟರು ಬರುತ್ತಾರೆಂದು ಮದ್ದೂರು ವಡೆ ಮಾಡಲು ಅಮ್ಮ ತಂದಿಟ್ಟಿದ್ದ ರವೆ ಅದು. ಹುಡುಕುತ್ತಾ ಹಿಂದಿನ ಕೋಣೆಗೆ ಬಂದ ಅಮ್ಮನಿಗೆ ಕಂಡದ್ದು ಒಂದು ಹಳೇ ಬಾಗಿಲ ಹಲಗೆ. ಅದರ ಮೇಲೆ ಫೆವಿಕಾಲ್ ಬಳಿದು, ರವೆ ಉದುರಿಸಿ, ತಿಳಿ ಕಂದು ಬಣ್ಣ ಹೊಡೆದಿದ್ದೆ. 'ಇದು ಸಿನಾಯ್ ಮರುಭೂಮಿ ಅಮ್ಮ' ಎಂದೆ. ಅಮ್ಮ ಏನೂ ಹೇಳಲಿಲ್ಲ. ಅಂದು ರಾತ್ರಿ ಊಟಕ್ಕೆ ಕರೆಯಲೂ ಇಲ್ಲ.

ರವೆಯೇ ಯಾಕೆ ಅಂತ ನೀವೂ ಕೇಳಬಹುದು. ನಮ್ಮ ಪುಟಾಣಿ ಸೈನಿಕರು ನಿಜವಾದ ಮನುಷ್ಯನ ಎಪ್ಪತ್ತೆರಡನೇ ಒಂದು ಭಾಗದಷ್ಟು ಎತ್ತರ, ಅಂದರೆ ಸುಮಾರು ಎರಡೂವರೆ ಸೆಂಟಿಮೀಟರ್. ಅವರ ಕಾಲಡಿಗೆ ಎಂ-ಸ್ಯಾಂಡ್ ಹಾಕಿದರೆ ಒಂದು ಮಿಲಿಮೀಟರಿನ ಕಾಳೂ ಏಳು ಸೆಂಟಿಮೀಟರಿನ ಜಲ್ಲಿಕಲ್ಲಾಗುತ್ತದೆ! ಶಿಂಷಾ ಹೊಳೆಯ ಮರಳನ್ನು ಸೋಸಿ ನೋಡಿದ್ದಾಯಿತು, ಅದೂ ದಪ್ಪವೇ. ಮರಳುಗಾಡಿನ ನುಣುಪು ಸಿಕ್ಕಿದ್ದು ಚಿರೋಟಿ ರವೆಯಲ್ಲಿ ಮಾತ್ರ. ಒಂದೇ ತೊಂದರೆ, ತುರ್ಕರ ಸೇನೆ ಬರುವ ಮೊದಲೇ ಇರುವೆ ಸೇನೆ ಬಂದು ಸಿನಾಯನ್ನು ವಶಪಡಿಸಿಕೊಂಡಿತು. ಮೇಲೊಂದು ಪದರ ವಾರ್ನಿಷ್ ಹೊಡೆದ ಮೇಲೆ ಅವು ಹಿಂದೆ ಸರಿದವು.

ನಾವು ಮೂವರು ಮಂಡ್ಯದ ಕಾಲೇಜಿನಲ್ಲಿ ಒಟ್ಟಿಗೆ ಓದುವವರು. ಒಬ್ಬ ಮಂಡ್ಯದವನೇ, ಇನ್ನೊಬ್ಬ ಮದ್ದೂರಿನ ಕಡೆಯವನು, ನಾನು ಮಳವಳ್ಳಿ. ಭಾನುವಾರ ಬಂತೆಂದರೆ ಅವರಿಬ್ಬರೂ ಬಸ್ಸು ಹತ್ತಿ ನಮ್ಮ ಮನೆಗೆ ಬರುತ್ತಾರೆ. ಕೈಯಲ್ಲಿ ಟೇಪು, ದಾಳ, ಒಂದು ನೋಟ್‌ಬುಕ್. ನಾವು ಆಡುವುದು ಮೇಜಿನ ಮೇಲಿನ ಯುದ್ಧದಾಟ, ಇಂಗ್ಲಿಷಿನಲ್ಲಿ ಹೇಳುವ ವಾರ್‌ಗೇಮ್. ಮೊಬೈಲಿನಲ್ಲಿ ಗುಂಡು ಹಾರಿಸುವ ಆಟವಲ್ಲ ಇದು. ಹಿಂದೆ ನಿಜವಾಗಿ ನಡೆದ ಒಂದು ಕಾಳಗವನ್ನು ಆರಿಸಿಕೊಂಡು, ಆ ಜಾಗದ ಬೆಟ್ಟ, ಹೊಳೆ, ರಸ್ತೆಗಳನ್ನು ಹಲಗೆಯ ಮೇಲೆ ಕಟ್ಟಿ, ಎರಡೂ ಕಡೆಯ ಸೈನಿಕರನ್ನು ನಿಲ್ಲಿಸಿ, ನಿಯಮದಂತೆ ನಡೆಸುವುದು. ನಮ್ಮ ನಿಯಮದಲ್ಲಿ ಕಾಲಾಳು ಒಂದು ಸರದಿಗೆ ಆರು ಇಂಚು ನಡೆಯುತ್ತಾನೆ, ಕುದುರೆ ಹನ್ನೆರಡು ಇಂಚು. ಗುಂಡು ತಗುಲಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ.

ಆಟ ಹೊಸದೇನಲ್ಲ. ಪ್ರಶ್ಯಾದ ರೈಸ್‌ವಿಟ್ಸ್ ಎಂಬ ಸೇನಾಧಿಕಾರಿ 1824ರಲ್ಲಿ ಇಂಥದ್ದೊಂದು ಆಟದ ನಿಯಮಗಳನ್ನು ಅಚ್ಚು ಹಾಕಿಸಿದ, ಅದನ್ನು ಅಲ್ಲಿನ ಸೇನೆ ಅಧಿಕಾರಿಗಳ ತರಬೇತಿಗೆ ಬಳಸಿಕೊಂಡಿತು. ಕಾದಂಬರಿಕಾರ ಎಚ್.ಜಿ. ವೆಲ್ಸ್ ಆಟಿಕೆ ಸೈನಿಕರ ಯುದ್ಧದ ಬಗ್ಗೆ 'ಲಿಟಲ್ ವಾರ್ಸ್' ಎಂಬ ಪುಸ್ತಕ ಬರೆದದ್ದು 1913ರಲ್ಲಿ. ಮರುವರ್ಷವೇ ನಿಜವಾದ ಮಹಾಯುದ್ಧ ಶುರುವಾಯಿತು. ಹಾಗೆ ನೋಡಿದರೆ ಆನೆ, ಕುದುರೆ, ರಥ, ಕಾಲಾಳುಗಳ ಚದುರಂಗ ನಮ್ಮದೇ ಅಲ್ಲವೇ? ದಸರೆಗೆ ಗೊಂಬೆ ಕೂರಿಸುವಾಗ ಪಟ್ಟದ ಗೊಂಬೆಗಳ ಮುಂದೆ ಸಾಲಾಗಿ ಸಿಪಾಯಿಗಳನ್ನು ನಿಲ್ಲಿಸುವ ನಮ್ಮ ಮನೆಗಳಿಗೆ ಇದು ಪೂರ್ತಿ ಅಪರಿಚಿತವಲ್ಲ.

ಹೊರದೇಶದಿಂದ ಬರುವ ಸೈನಿಕರ ಬೊಂಬೆಗಳ ಬೆಲೆ ನೋಡಿದರೆ ನಮ್ಮ ತಿಂಗಳ ಬಸ್ ಪಾಸು ನೆನಪಾಗುತ್ತದೆ. ಹಾಗಾಗಿ ಒಂದು ಪೆಟ್ಟಿಗೆ ಪ್ಲಾಸ್ಟಿಕ್ ಸವಾರರನ್ನು ಮಾತ್ರ ಮೂವರೂ ದುಡ್ಡು ಹಾಕಿ ತರಿಸಿದೆವು. ಉಳಿದವರು ಮದ್ದೂರಿನಿಂದ ಬೆಂಗಳೂರಿನ ಕಡೆಗೆ ಹೋದರೆ ಸಿಗುವ ಚನ್ನಪಟ್ಟಣದವರು. ಅಲ್ಲಿ ಆಲೆ ಮರದಲ್ಲಿ ಕಡೆದ, ಬಣ್ಣ ಹಾಕದ ಸಣ್ಣ ಗೂಟದ ಗೊಂಬೆಗಳು ಅಗ್ಗಕ್ಕೆ ಸಿಕ್ಕವು. ಅವಕ್ಕೆ ಪೇಟ ಬರೆದರೆ ಮೈಸೂರಿನವರು, ಟೋಪಿ ಬರೆದರೆ ತುರ್ಕರು. ಭರ್ಜಿಗೆ ಪೊರಕೆ ಕಡ್ಡಿ ಸಾಕು.

ಇಷ್ಟಕ್ಕೂ ಮಳವಳ್ಳಿಗೂ ಸಿನಾಯ್ ಮರುಭೂಮಿಗೂ ಏನು ಸಂಬಂಧ?

ದೆಹಲಿಯ ತೀನ್ ಮೂರ್ತಿ ವೃತ್ತದ ಹೆಸರನ್ನು ನೀವು ಕೇಳಿರುತ್ತೀರಿ. ಅಲ್ಲಿ ನಿಂತಿರುವ ಮೂರು ಪ್ರತಿಮೆಗಳು ಜೋಧಪುರ, ಹೈದರಾಬಾದ್ ಮತ್ತು ಮೈಸೂರು ಸಂಸ್ಥಾನಗಳ ಅಶ್ವದಳದ ಸವಾರರವು. 1922ರಲ್ಲಿ ನಿಲ್ಲಿಸಿದ ಸ್ಮಾರಕ ಅದು. 2018ರಲ್ಲಿ ಆ ವೃತ್ತದ ಹೆಸರಿಗೆ ಹೈಫಾ ಎಂಬ ಹೆಸರೂ ಸೇರಿತು. ಮೊದಲ ಮಹಾಯುದ್ಧದಲ್ಲಿ ಮೈಸೂರು ಲ್ಯಾನ್ಸರ್ಸ್ ಎಂಬ ನಮ್ಮ ಕುದುರೆ ದಳ ಈಜಿಪ್ಟಿಗೆ ಹೋಗಿ, ಸೂಯೆಜ್ ಕಾಲುವೆಯ ಕಾವಲು ಕಾದು, ಪ್ಯಾಲೆಸ್ತೀನಿನವರೆಗೂ ಸಾಗಿ, 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆಲ್ಲುವುದರಲ್ಲಿ ಪಾಲು ಪಡೆಯಿತು. ಆಗ ಮಂಡ್ಯ ಜಿಲ್ಲೆ ಎಂಬುದೇ ಇರಲಿಲ್ಲ, ಅದು ಆದದ್ದು 1939ರಲ್ಲಿ. ನಮ್ಮ ಮೂರೂ ಊರು ಮೈಸೂರು ಸಂಸ್ಥಾನಕ್ಕೆ ಸೇರಿದ್ದವು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಆ ದಳದ ನೆನಪಿನ ಕಂಬ ಇಂದಿಗೂ ಇದೆ. ಪಠ್ಯಪುಸ್ತಕದಲ್ಲಿ ಈ ಕಥೆ ನಮಗೆ ಸಿಕ್ಕಿದ್ದು ನೆನಪಿಲ್ಲ. ಹಾಗಾಗಿ ಮೇಜಿನ ಮೇಲೆ ಕಟ್ಟೋಣ ಅಂದುಕೊಂಡೆವು.

ಮೊದಲ ಹಲಗೆ ಮುಗಿದು, ಕುದುರೆಗಳನ್ನೆಲ್ಲ ರವೆಯ ಮೇಲೆ ನಿಲ್ಲಿಸಿ, ಮೂವರೂ ಸೊಂಟಕ್ಕೆ ಕೈ ಕೊಟ್ಟು ನೋಡುತ್ತಿದ್ದೆವು. ಅಜ್ಜಿ ಬಂದರು.

'ಏನ್ಲಾ ಇದು, ನವರಾತ್ರಿಗೆ ಇನ್ನೂ ಎಷ್ಟೋ ತಿಂಗ್ಳೈತೆ, ಈಗ್ಲೇ ಗೊಂಬೆ ಕೂರ್ಸಿದ್ದೀರಾ?'

ಯುದ್ಧ, ಮರಳುಗಾಡು ಅಂತೆಲ್ಲ ವಿವರಿಸಿದೆ. ಅಜ್ಜಿ ಕನ್ನಡಕ ಸರಿಮಾಡಿಕೊಂಡು ಹಲಗೆಯ ಈ ತುದಿಯಿಂದ ಆ ತುದಿಗೆ ನೋಡಿದರು. ಆಮೇಲೆ ಕೇಳಿದ್ದು ಒಂದೇ ಮಾತು.

'ಇಷ್ಟೊಂದ್ ಕುದ್ರೆ ಅವೆ. ನೀರೆಲ್ಲಿ ಕುಡೀತವ್ಲಾ?'

ನಾವು ಮುಖ ಮುಖ ನೋಡಿಕೊಂಡೆವು. ಬಂದೂಕು ಎಷ್ಟು ದೂರ ಹೊಡೆಯುತ್ತದೆ, ಭರ್ಜಿ ಎಷ್ಟು ಉದ್ದ ಎಂಬುದೆಲ್ಲ ನೋಟ್‌ಬುಕ್ಕಿನಲ್ಲಿತ್ತು. ನೀರು ಇರಲಿಲ್ಲ. ಕೆಆರ್‌ಎಸ್‌ನಲ್ಲಿ ಎಷ್ಟು ಅಡಿ ನೀರಿದೆ ಎಂದು ಬೆಳಗೆದ್ದು ಪೇಪರಿನಲ್ಲಿ ನೋಡುವ ಜಿಲ್ಲೆಯ ಹುಡುಗರು ನಾವು. ನಾಲೆಗೆ ನೀರು ಬಿಡುವ ದಿನಕ್ಕಾಗಿ ರಸ್ತೆಗಿಳಿಯುವ ಊರಿನವರು. ನಮಗೇ ಹೊಳೆಯದ ಪ್ರಶ್ನೆ ಜೀವನವಿಡೀ ದನಗಳಿಗೆ ನೀರು ಕುಡಿಸಿದ ಅಜ್ಜಿಗೆ ಮೊದಲ ನೋಟಕ್ಕೇ ಹೊಳೆದಿತ್ತು.

ಮತ್ತೆ ಓದಲು ಕೂತೆವು. ಕೆಲಸ ಮಾಡುವ ಕುದುರೆಗೆ ಸೆಕೆಯಲ್ಲಿ ದಿನಕ್ಕೆ ಮೂವತ್ತು ಲೀಟರಿಗೂ ಹೆಚ್ಚು ನೀರು ಬೇಕು. ಸಿನಾಯಿಯಲ್ಲಿ ಅಷ್ಟು ನೀರು ಎಲ್ಲಿ? ಬ್ರಿಟಿಷರು ನೈಲ್ ನದಿಯ ನೀರನ್ನು ಶುದ್ಧ ಮಾಡಿ, ಸೂಯೆಜ್ ಕಾಲುವೆ ದಡದ ಕಂತಾರಾದಿಂದ ಮರಳಿನ ಮೇಲೆ ಪೈಪು ಹಾಕಿಸಿಕೊಂಡು ಹೋದರು. ಪೈಪಿನ ಜೊತೆಗೇ ರೈಲು ಹಳಿ. ಕಾಲು ಹೂತುಹೋಗದಿರಲೆಂದು ಮರಳಿನ ಮೇಲೆ ಕೋಳಿಗೂಡಿಗೆ ಹಾಕುವಂಥ ತಂತಿ ಜಾಲರಿ ಹಾಸಿ, ಅದರ ಮೇಲೆ ಕಾಲಾಳುಗಳನ್ನು ನಡೆಸಿದರು. ಪೈಪು ಎಷ್ಟು ದೂರ ಹೋಗುತ್ತದೋ ಸೇನೆಯೂ ಹೆಚ್ಚು ಕಡಿಮೆ ಅಷ್ಟೇ ದೂರ. ಆ ಪೈಪು, ಹಳಿ ಹಾಕಿದವರು ಈಜಿಪ್ಟಿನ ಹಳ್ಳಿಗಳ ಸಾವಿರಾರು ಕೂಲಿಕಾರರು, ಒಂಟೆಯ ಮೇಲೆ ನೀರು ಹೊರಿಸಿದವರೂ ಅವರೇ. ಎಷ್ಟೋ ಜನರನ್ನು ಬಲವಂತದಿಂದ ಹಿಡಿದು ತಂದಿದ್ದರು. ಗೆದ್ದವರ ಪಟ್ಟಿಯಲ್ಲಿ ಅವರ ಹೆಸರು ಹುಡುಕುವವರು ಕಡಿಮೆ.

ಮರುವಾರ ನಮ್ಮ ರವೆಯ ಮೇಲೆ ಪೈಪು ಬಂತು, ಪೆನ್ನಿನ ರೀಫಿಲ್ಲುಗಳನ್ನು ಜೋಡಿಸಿದ್ದು. ಸೊಳ್ಳೆ ಜಾಲರಿ ಕತ್ತರಿಸಿ ರಸ್ತೆ ಮಾಡಿದೆವು. ಹೊಸ ನಿಯಮವೂ ಬಂತು: ಎರಡು ಸರದಿಗೊಮ್ಮೆ ನೀರು ಸಿಗದ ಕುದುರೆ ಹನ್ನೆರಡರ ಬದಲು ಆರೇ ಇಂಚು ಓಡಬೇಕು. ಅದಕ್ಕೆ 'ಅಜ್ಜಿ ನಿಯಮ' ಎಂದೇ ಹೆಸರು. ಆ ನಿಯಮ ಬಂದದ್ದೇ ಬಂದದ್ದು, ಆಟದ ಸ್ವರೂಪವೇ ಬದಲಾಯಿತು. ಮೊದಲೆಲ್ಲ 'ನುಗ್ಗು, ನುಗ್ಗು' ಎನ್ನುತ್ತಿದ್ದ ಮಂಡ್ಯದ ಗೆಳೆಯ ಈಗ ಶತ್ರುವಿಗಿಂತ ಹೆಚ್ಚು ರೀಫಿಲ್ಲುಗಳನ್ನೇ ನೋಡುತ್ತಾ ಕೂರುತ್ತಾನೆ.

ಎರಡನೇ ಹಲಗೆ ಹೈಫಾದ್ದು. ಅಲ್ಲೂ ಮೊದಲು ರವೆ ಉದುರಿಸಲು ಹೋಗಿ ತಪ್ಪು ಮಾಡಿದೆವು. ಹೈಫಾ ಮರಳುಗಾಡಲ್ಲ. ಮರಳುಗಾಡು ದಾಟಿ ಬಂದ ಕುದುರೆಗಳಿಗೆ ಅಲ್ಲಿ ಎದುರಾದದ್ದು ಒಂದು ಕಡೆ ಕಾರ್ಮೆಲ್ ಬೆಟ್ಟ, ಇನ್ನೊಂದು ಕಡೆ ಕಿಶೋನ್ ಹೊಳೆ ಮತ್ತು ಅದರ ಜೌಗು, ನಡುವೆ ಇಕ್ಕಟ್ಟಾದ ದಾರಿ. ಬೆಟ್ಟದ ಮೇಲೆ ಫಿರಂಗಿ, ಕೆಳಗೆ ಮೆಷಿನ್ ಗನ್. ಹೊಳೆಯ ದಡದ ಹುದುಲಿನಲ್ಲಿ ಕುದುರೆ ಇಳಿದರೆ ಮೇಲೇಳುವಂತಿರಲಿಲ್ಲ. ಮೈಸೂರಿನ ಒಂದು ತುಕಡಿ ಬೆಟ್ಟ ಹತ್ತಿ ಫಿರಂಗಿಗಳ ಮೇಲೆ ಬಿತ್ತು. ಜೋಧಪುರದವರು ಕೆಳಗಿನ ದಾರಿಯಲ್ಲಿ ಪಟ್ಟಣಕ್ಕೆ ನುಗ್ಗಿದರು. ಅವರ ಮೇಜರ್ ದಲಪತ್ ಸಿಂಗ್ ಅಲ್ಲೇ ಮಡಿದರು. ಸಂಜೆಯೊಳಗೆ ಪಟ್ಟಣ ಕೈವಶವಾಯಿತು. ಸೆರೆಸಿಕ್ಕವರು ಸುಮಾರು 1,350 ಮಂದಿ. ನಮ್ಮ ಕಡೆ ಸತ್ತವರು 8, ಗಾಯಗೊಂಡವರು 34. ಸತ್ತ ಕುದುರೆಗಳು 60.

ಆಟ ಶುರುವಾಗುವ ಮೊದಲು ಜಗಳ. ತುರ್ಕರ ಕಡೆ ಯಾರು? ಯಾರಿಗೂ ಬೇಡ. ಕೊನೆಗೆ ಚೀಟಿ ಎತ್ತಿದಾಗ ಅದು ನನ್ನ ಪಾಲಿಗೆ ಬಂತು. ಬೆಟ್ಟದ ಮೇಲಿನ ಫಿರಂಗಿಯ ಹಿಂದೆ ಕಣ್ಣಿಟ್ಟು ಕೂತಾಗ ಕೆಳಗಿನಿಂದ ಬರುವ ಆ ಪೊರಕೆ ಕಡ್ಡಿಯ ಭರ್ಜಿಗಳು ಬೇರೆಯೇ ರೀತಿ ಕಂಡವು. ಮನೆಯಿಂದ ದೂರ, ಹಿಂದೆ ಸಮುದ್ರ, ಸಹಾಯಕ್ಕೆ ಬರುವವರಿಲ್ಲ. ಆ ಗೂಟದ ಗೊಂಬೆಗಳ ಬಗ್ಗೆ ನನಗೆ ಸಿಟ್ಟು ಬರಲಿಲ್ಲ, ಪಾಪ ಅನ್ನಿಸಿತು. ನಾನು ಸೋತೆ.

ಸೋತದ್ದಕ್ಕಿಂತ ಮುಖ್ಯವಾದದ್ದು ಆಮೇಲೆ ನಡೆಯಿತು. ನಮ್ಮ ಲೆಕ್ಕದಲ್ಲಿ ಒಂದು ಕಾಯಿ ಅಂದರೆ ಇಪ್ಪತ್ತು ಸವಾರರು. ಬಿದ್ದ ಕಾಯಿಗಳನ್ನು ಡಬ್ಬಿಗೆ ಹಾಕುತ್ತಾ ನಾನು, 'ನಿಜವಾದ ಯುದ್ಧದಲ್ಲಿ ಸತ್ತದ್ದು ಎಂಟೇ ಜನ ಕಣೋ, ನಮ್ಮ ಲೆಕ್ಕದಲ್ಲಿ ಅರ್ಧ ಕಾಯಿಯೂ ಆಗಲ್ಲ' ಎಂದೆ. ಮದ್ದೂರಿನ ಗೆಳೆಯ ಸುಮ್ಮನಾದ. ಸ್ವಲ್ಪ ಹೊತ್ತಿನ ಮೇಲೆ, 'ಗುಡಿಗೆರೆ ಗುರು ಒಬ್ಬರೇ ಕಣೋ' ಎಂದ.

2019ರ ಫೆಬ್ರುವರಿ 14ರಂದು ಪುಲ್ವಾಮಾದಲ್ಲಿ ಹುತಾತ್ಮರಾದ ಸಿಆರ್‌ಪಿಎಫ್ ಯೋಧರಲ್ಲಿ ಮದ್ದೂರು ತಾಲ್ಲೂಕು ಗುಡಿಗೆರೆಯ ಎಚ್. ಗುರು ಒಬ್ಬರು. ಅವರ ಪಾರ್ಥಿವ ಶರೀರ ಊರಿಗೆ ಬಂದ ದಿನ ಗೆಳೆಯ ಇನ್ನೂ ಶಾಲೆಯ ಹುಡುಗ. ಅಪ್ಪನ ಕೈ ಹಿಡಿದು ರಸ್ತೆಬದಿ ನಿಂತಿದ್ದನಂತೆ. ಅಷ್ಟೊಂದು ಜನ ಸೇರಿ ಅಷ್ಟು ಮೌನವಾಗಿದ್ದನ್ನು ಅವನು ಮತ್ತೆ ನೋಡಿಲ್ಲವಂತೆ. ಒಬ್ಬರಿಗೆ ಇಡೀ ಜಿಲ್ಲೆ ಅತ್ತಿತ್ತು. ಎಂಟು ಜನ ಅಂದರೆ ಎಂಟು ಊರು, ಎಂಟು ಮನೆ.

ಅವತ್ತಿನಿಂದ ಇನ್ನೊಂದು ನಿಯಮ ಸೇರಿತು. ಬಿದ್ದ ಕಾಯಿ ಡಬ್ಬಿಗೆ ಹೋಗುವಂತಿಲ್ಲ. ಆಟ ಮುಗಿಯುವವರೆಗೂ ಬಿದ್ದ ಜಾಗದಲ್ಲೇ ಮಲಗಿರಬೇಕು, ನಮ್ಮವರಾಗಲಿ ಅವರವರಾಗಲಿ. ಕೊನೆಗೆ ಎಣಿಸಿ, ಇಪ್ಪತ್ತರಿಂದ ಗುಣಿಸಿ, ಎರಡೂ ಕಡೆಯ ಲೆಕ್ಕವನ್ನು ನೋಟ್‌ಬುಕ್ಕಿನಲ್ಲಿ ಬರೆದ ಮೇಲೆಯೇ ಯಾರು ಗೆದ್ದರು ಎಂದು ಹೇಳಬೇಕು. ನಿಜ ಹೇಳುತ್ತೇನೆ, ಆ ಗುಣಾಕಾರ ಮಾಡಿದ ಮೇಲೆ 'ಗೆದ್ದೆ' ಎಂದು ಕೂಗಲು ಬಾಯಿ ಬರುವುದಿಲ್ಲ.

'ಓದುವುದು ಬಿಟ್ಟು ಯುದ್ಧದಾಟ ಆಡ್ತೀರಲ್ಲ' ಎನ್ನುವವರು ಇದ್ದಾರೆ. ಅವರ ಮಾತನ್ನು ತಳ್ಳಿಹಾಕುವುದಿಲ್ಲ. ದಾಳ ಉರುಳಿಸಿ ಮನುಷ್ಯರನ್ನು ಕೊಲ್ಲುವುದರಲ್ಲಿ ಅಭ್ಯಾಸವಾಗಿಬಿಡುವ ಅಪಾಯ ಇದ್ದೇ ಇದೆ. ಆದರೆ 'ಹೈಫಾ ಗೆದ್ದರು' ಎಂಬ ಎರಡು ಪದ ಓದಿದ್ದರೆ ನಮಗೆ ಪೈಪು ಗೊತ್ತಾಗುತ್ತಿರಲಿಲ್ಲ, ಈಜಿಪ್ಟಿನ ಕೂಲಿಗಳು ಗೊತ್ತಾಗುತ್ತಿರಲಿಲ್ಲ, ಅರವತ್ತು ಕುದುರೆಗಳೂ ಗೊತ್ತಾಗುತ್ತಿರಲಿಲ್ಲ.

ಈಗ ಮೂರನೇ ಹಲಗೆ ಸಿದ್ಧವಾಗುತ್ತಿದೆ. ಅದಕ್ಕೆ ರವೆ ಬೇಕಿಲ್ಲ, ನಮ್ಮ ಹೊಲದ ಕೆಂಪು ಮಣ್ಣೇ ಸಾಕು. 1799ರ ಮಾರ್ಚ್ 27ರಂದು ನಮ್ಮ ಮಳವಳ್ಳಿಯಲ್ಲೇ ಟಿಪ್ಪು ಸುಲ್ತಾನನ ಸೇನೆಗೂ ಜನರಲ್ ಹ್ಯಾರಿಸ್‌ನ ಸೇನೆಗೂ ಕಾಳಗವಾಯಿತು. ಮೈಸೂರಿನವರು ಹಿಂದೆ ಸರಿಯಬೇಕಾಯಿತು. ನೇರ ದಾರಿಯಲ್ಲಿ ಮೇವು ಸಿಗದಂತೆ ಟಿಪ್ಪು ಮಾಡಿದ್ದರಿಂದ ಹ್ಯಾರಿಸ್ ದಕ್ಷಿಣಕ್ಕೆ ತಿರುಗಿ ಸೋಸಲೆಯ ಬಳಿ ಕಾವೇರಿ ದಾಟಿದ. ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಮಳವಳ್ಳಿಯಲ್ಲಿ ಬ್ರಿಟಿಷರ ಎದುರು ನಿಂತ ಮೈಸೂರಿನ ಕುದುರೆಗಳು 119 ವರ್ಷದ ನಂತರ ಹೈಫಾದಲ್ಲಿ ಬ್ರಿಟಿಷರ ಪರವಾಗಿ ಓಡಿದವು. ಈ ಸಲ ಬ್ರಿಟಿಷರ ಕಡೆ ಕೂರಲು ಯಾರಿಗೂ ಮನಸ್ಸಿಲ್ಲ. ಮತ್ತೆ ಚೀಟಿ ಎತ್ತಬೇಕು.

ಮೊನ್ನೆ ಕೆಂಪು ಮಣ್ಣಿನ ಮೇಲೆ ಹ್ಯಾರಿಸ್‌ನ ಸಾಮಾನಿನ ಗಾಡಿಗಳನ್ನೂ ಎತ್ತುಗಳನ್ನೂ ನಿಲ್ಲಿಸುತ್ತಿದ್ದೆ. ಬಾಗಿಲಲ್ಲಿ ಅಜ್ಜಿ. ಈ ಸಲ ಅವರು ಕೇಳುವ ಮೊದಲೇ ನಾನು, 'ನೀರಿದೆ ಅಜ್ಜಿ, ಹೊಳೆ ಹತ್ರಾನೇ ಐತೆ' ಎಂದೆ.

ಅಜ್ಜಿ ಎತ್ತುಗಳನ್ನೇ ಎಣಿಸುತ್ತಿದ್ದರು.

'ನೀರೇನೋ ಸರಿ' ಎಂದರು. 'ಇಷ್ಟು ಎತ್ತಿಗೆ ಹುಲ್ಲು ಯಾರ ಹೊಲ್ದಿಂದ ಕುಯ್ಕೊಂಡ್ರಪ್ಪ?'

ನೋಟ್‌ಬುಕ್ ತೆಗೆದೆ.