ಗಿಟ್‌ನಲ್ಲಿ ಶಾಖೆಗಳ ವಿಲೀನ

ಗಿಟ್‌ನಲ್ಲಿ ಶಾಖೆಗಳ ವಿಲೀನ ಎಂದರೆ ಗಿಟ್ ಎಂಬ ಆವೃತ್ತಿ ನಿಯಂತ್ರಣ ತಂತ್ರಾಂಶದಲ್ಲಿ ಪ್ರತ್ಯೇಕವಾಗಿ ಬೆಳೆದ ಶಾಖೆಗಳ ಬದಲಾವಣೆಗಳನ್ನು ಒಂದುಗೂಡಿಸುವ ಕ್ರಿಯೆ. ಲಿನಸ್ ಟೋರ್ವಾಲ್ಡ್ಸ್ ಅವರು ೨೦೦೫ರಲ್ಲಿ ಲಿನಕ್ಸ್ ಕರ್ನೆಲ್‌ನ ಅಭಿವೃದ್ಧಿಗಾಗಿ ಗಿಟ್ ಅನ್ನು ರಚಿಸಿದರು. ವಿಲೀನಕ್ಕೆ ಹಲವು ವಿಧಾನಗಳಿವೆ. ಅವುಗಳಿಂದ ದೊರೆಯುವ ಕಡತಗಳು ಸಾಮಾನ್ಯವಾಗಿ ಒಂದೇ ಆಗಿದ್ದರೂ, ಉಳಿಯುವ ಇತಿಹಾಸ ಬೇರೆಬೇರೆಯಾಗಿರುತ್ತದೆ.

ಹಿನ್ನೆಲೆ

ಗಿಟ್‌ನಲ್ಲಿ ದಾಖಲಾಗುವ ಪ್ರತಿಯೊಂದು ಹಂತವನ್ನು ಕಮಿಟ್ ಎನ್ನುತ್ತಾರೆ. ಪ್ರತಿ ಕಮಿಟ್ ತನಗಿಂತ ಹಿಂದಿನ ಕಮಿಟ್‌ನ ಗುರುತನ್ನು ಒಳಗೊಂಡಿರುತ್ತದೆ. ಈ ಸರಪಳಿಯೇ ಯೋಜನೆಯ ಇತಿಹಾಸ. ಶಾಖೆಯು ಸರಪಳಿಯ ಕೊನೆಯ ಕಮಿಟ್ ಅನ್ನು ಸೂಚಿಸುವ ಹೆಸರು ಮಾತ್ರ.

ವಿಧಾನಗಳು

ಫಾಸ್ಟ್ ಫಾರ್ವರ್ಡ್: ಶಾಖೆ ಕವಲೊಡೆದ ನಂತರ ಮುಖ್ಯ ಶಾಖೆಯಲ್ಲಿ ಹೊಸ ಕಮಿಟ್ ಇಲ್ಲದಿದ್ದರೆ, ಗಿಟ್ ಮುಖ್ಯ ಶಾಖೆಯ ಹೆಸರನ್ನು ಮುಂದಕ್ಕೆ ಸರಿಸುತ್ತದೆ. ಹೊಸ ಕಮಿಟ್ ಹುಟ್ಟುವುದಿಲ್ಲ.

ತ್ರಿಮುಖ ವಿಲೀನ: ಎರಡೂ ಶಾಖೆಗಳು ಮುಂದುವರಿದಿದ್ದರೆ, ಅವುಗಳ ಕೊನೆಯ ಕಮಿಟ್‌ಗಳನ್ನು ಸಮಾನ ಪೂರ್ವಜ ಕಮಿಟ್‌ನೊಂದಿಗೆ ಹೋಲಿಸಿ, ಎರಡು ಪೂರ್ವಜರುಳ್ಳ ವಿಲೀನ ಕಮಿಟ್ ರಚಿಸಲಾಗುತ್ತದೆ. ನಡೆದ ಕ್ರಮ ಯಥಾವತ್ತಾಗಿ ಉಳಿಯುತ್ತದೆ.

ರಿಬೇಸ್: ಶಾಖೆಯ ಕಮಿಟ್‌ಗಳನ್ನು ಮುಖ್ಯ ಶಾಖೆಯ ತುದಿಯ ಮೇಲೆ ಒಂದೊಂದಾಗಿ ಮರುರಚಿಸಲಾಗುತ್ತದೆ. ಇತಿಹಾಸ ಒಂದೇ ಸಾಲಿನಲ್ಲಿ ಕಾಣುತ್ತದೆ; ಆದರೆ ಕಮಿಟ್‌ಗಳು ಹೊಸ ಗುರುತುಗಳನ್ನು ಪಡೆಯುತ್ತವೆ.

ಸ್ಕ್ವಾಶ್: ಶಾಖೆಯ ಎಲ್ಲ ಬದಲಾವಣೆಗಳನ್ನು ಒಂದೇ ಕಮಿಟ್ ಆಗಿ ಸೇರಿಸಲಾಗುತ್ತದೆ. ನಡುವಿನ ಹಂತಗಳು ಮುಖ್ಯ ಶಾಖೆಯ ಇತಿಹಾಸದಲ್ಲಿ ಉಳಿಯುವುದಿಲ್ಲ.

ಸಂಘರ್ಷ

ಎರಡು ಶಾಖೆಗಳು ಒಂದೇ ಸಾಲನ್ನು ಬೇರೆಬೇರೆ ರೀತಿಯಲ್ಲಿ ತಿದ್ದಿದ್ದರೆ ಸಂಘರ್ಷ ಉಂಟಾಗುತ್ತದೆ. ಯಾವುದನ್ನು ಉಳಿಸಬೇಕೆಂದು ಬಳಕೆದಾರರೇ ನಿರ್ಧರಿಸಬೇಕು. ಸಂಘರ್ಷ ಇಲ್ಲದಿರುವುದು ವಿಲೀನ ಸರಿಯಾಗಿದೆ ಎಂಬುದಕ್ಕೆ ಸಾಕ್ಷಿಯಲ್ಲ. ಒಂದು ಶಾಖೆಯಲ್ಲಿ ಫಂಕ್ಷನ್‌ನ ಹೆಸರು ಬದಲಾಗಿ, ಇನ್ನೊಂದರಲ್ಲಿ ಹಳೆಯ ಹೆಸರನ್ನೇ ಹೊಸದಾಗಿ ಬಳಸಿದ್ದರೆ, ಗಿಟ್ ಎರಡನ್ನೂ ಸೇರಿಸುತ್ತದೆ. ಪ್ರೋಗ್ರಾಂ ಮಾತ್ರ ಕೆಡುತ್ತದೆ. ಆದ್ದರಿಂದ ವಿಲೀನದ ನಂತರ ಪರೀಕ್ಷೆ ಅಗತ್ಯ.

ವಿಧಾನದ ಆಯ್ಕೆ

ಶಾಖೆಯನ್ನು ಬೇರೆಯವರೂ ಬಳಸುತ್ತಿದ್ದಾರೆಯೇ ಎಂಬುದೇ ಮೊದಲ ಪ್ರಶ್ನೆ. ಹಂಚಿಕೊಂಡ ಶಾಖೆಯನ್ನು ರಿಬೇಸ್ ಮಾಡಿ ಬಲವಂತವಾಗಿ ಪುಶ್ ಮಾಡಿದರೆ, ಇತರರ ಪ್ರತಿಗಳು ಅದಕ್ಕೆ ಹೊಂದುವುದಿಲ್ಲ. ಆ ನಡುವೆ ಅವರು ಸೇರಿಸಿದ ಕೆಲಸ ಕೇಂದ್ರ ಪ್ರತಿಯ ಶಾಖೆಯಿಂದ ಮರೆಯಾಗಲೂಬಹುದು. ಅಂತಹ ಶಾಖೆಗೆ ತ್ರಿಮುಖ ವಿಲೀನವೇ ಸುರಕ್ಷಿತ. ಇನ್ನೂ ಹಂಚಿಕೊಳ್ಳದ ಸ್ವಂತ ಕೆಲಸಕ್ಕೆ ರಿಬೇಸ್ ಸೂಕ್ತ.

ಸಣ್ಣಪುಟ್ಟ ತಿದ್ದುಪಡಿಗಳಿಂದ ತುಂಬಿದ ಅಲ್ಪಾವಧಿಯ ಶಾಖೆಗೆ ಸ್ಕ್ವಾಶ್ ಅನುಕೂಲಕರ. ಅನಂತರ ಆ ಶಾಖೆಯನ್ನು ಅಳಿಸುವುದು ರೂಢಿ. ಸ್ಕ್ವಾಶ್ ಎರಡು ಶಾಖೆಗಳ ಸಂಬಂಧವನ್ನು ದಾಖಲಿಸುವುದಿಲ್ಲವಾದ್ದರಿಂದ, ಅದೇ ಶಾಖೆಯಲ್ಲಿ ಕೆಲಸ ಮುಂದುವರಿಸಿದರೆ ಹಿಂದೆ ಬಗೆಹರಿಸಿದ ಸಂಘರ್ಷಗಳು ಮರಳಿ ಬರಬಹುದು. ಅಲ್ಲದೆ, ದೊಡ್ಡ ಶಾಖೆಯನ್ನು ಒಂದೇ ಕಮಿಟ್ ಆಗಿಸಿದರೆ ದೋಷ ಯಾವ ಹಂತದಲ್ಲಿ ಹುಟ್ಟಿತೆಂದು ಹುಡುಕುವುದು ಕಷ್ಟವಾಗುತ್ತದೆ.