ಬಣವಿ ಎಷ್ಟೋ ಗುಡ್ಡಕ್ಕೆ ಆಕಳು ಅಷ್ಟೇ

ಸ್ವಿಟ್ಜರ್ಲೆಂಡ್ ಎಂದರೆ ನಮ್ಮವರಿಗೆ ಮೊದಲು ನೆನಪಾಗುವುದು ಸಿನಿಮಾ. ಕಲಬುರಗಿಯ ಟಾಕೀಸಿನಲ್ಲಿ ‘ಸಂಗಮ್’ (1964) ನೋಡಿದ ಹಿರಿಯರು ಅಲ್ಲಿಯ ಹಿಮ ಕಂಡರು. ಅವರ ಮಕ್ಕಳು ‘ದಿಲ್‌ವಾಲೆ ದುಲ್ಹನಿಯಾ ಲೇ ಜಾಯೇಂಗೆ’ (1995) ನೋಡಿ ಆಕಳ ಕೊರಳಿನ ದೊಡ್ಡ ಗಂಟೆ ಕಂಡರು. ಆ ಗುಡ್ಡದ ಹುಲ್ಲು ಯಾರದು, ಅಲ್ಲಿ ಯಾರ ದನ ಮೇಯಬೇಕು ಎಂಬುದು ಸಿನಿಮಾದವರಿಗೆ ಬೇಕಿರಲಿಲ್ಲ. ಒಕ್ಕಲಿಗನಿಗೆ ಬೇಕಾದದ್ದು ಅದೇ.

ಅದನ್ನು ಕೆದಕಿದವರು ಇನ್ನೊಬ್ಬ ಹೊರಗಿನವರು, ಅಮೆರಿಕದ ಮಾನವಶಾಸ್ತ್ರಜ್ಞ ರಾಬರ್ಟ್ ನೆಟಿಂಗ್. 1970ರ ದಶಕದಲ್ಲಿ ಅವರು ಟೋರ್ಬೆಲ್ ಎಂಬ ಗುಡ್ಡದ ಹಳ್ಳಿಯಲ್ಲಿದ್ದು, ಜನರ ಬದುಕು ನೋಡಿ, ಹಳೆಯ ಕಾಗದಪತ್ರ ಓದಿ 1981ರಲ್ಲಿ ಪುಸ್ತಕ ಬರೆದರು. ಅಲ್ಲಿ ಹೊಲ, ದ್ರಾಕ್ಷಿ ತೋಟ, ಹುಲ್ಲು ಕೊಯ್ಯುವ ಜಮೀನು ಅವರವರವು. ಬೇಸಿಗೆಯಲ್ಲಿ ದನ ಮೇಯುವ ಎತ್ತರದ ಗುಡ್ಡ, ಅಡವಿ, ದಾರಿ ಊರೊಟ್ಟಿನವು. ಇವುಗಳ ಬಳಕೆಗೆ ಊರವರು 1483ರಲ್ಲೇ ಕರಾರು ಬರೆದುಕೊಂಡಿದ್ದರು.

1517ರಲ್ಲಿ ಒಂದು ನಿಯಮ ಬಂತು: ಚಳಿಗಾಲದಲ್ಲಿ ಕೊಟ್ಟಿಗೆಯಲ್ಲಿ ಎಷ್ಟು ಆಕಳು ಸಾಕಬಲ್ಲೆಯೋ ಅಷ್ಟನ್ನೇ ಗುಡ್ಡಕ್ಕೆ ಹೊಡೆ. ಅಲ್ಲಿ ತಿಂಗಳುಗಟ್ಟಲೆ ಹಿಮ ಬೀಳುವುದರಿಂದ ಆಗ ದನಕ್ಕೆ ಒಣಹುಲ್ಲೇ ಗತಿ. ಬಣವಿ ಸಣ್ಣದಾದರೆ ಗುಡ್ಡದ ಹಕ್ಕೂ ಸಣ್ಣದು. ಸಾಹುಕಾರನೊಬ್ಬ ಬೇಸಿಗೆಗೆಂದು ಹತ್ತಾರು ಆಕಳು ಕೊಂಡು ತಂದು ಊರ ಹುಲ್ಲು ಮೇಯಿಸಿ ಮಾರುವಂತಿಲ್ಲ. ಹೊರಗಿನವ ಬಂದು ಹೊಲ ಕೊಂಡರೂ ಗುಡ್ಡದ ಹಕ್ಕು ಸಿಗುತ್ತಿರಲಿಲ್ಲ.

ಕಾಯುವುದು ಹೇಗೆ? ಗುಡ್ಡಕ್ಕೆ ಏರಿದ ಕೂಡಲೇ ಆಕಳ ಎಣಿಕೆ. ಬೇಸಿಗೆ ಮುಗಿದಾಗ ಗಿಣ್ಣ, ಅಂದರೆ ಚೀಸ್, ಹಂಚುವುದೂ ಆ ಲೆಕ್ಕದ ಮೇಲೆಯೇ. ಹೀಗಾಗಿ ಎಲ್ಲರ ಕಣ್ಣೂ ಎಣಿಕೆಯ ಮೇಲೆ. ತಪ್ಪಿದವರಿಗೆ ದಂಡ. ದಂಡ ಹಾಕಿದ ಊರ ಅಧಿಕಾರಿಗೆ ಅದರಲ್ಲಿ ಅರ್ಧ ಪಾಲು! ನಮ್ಮಲ್ಲಾದರೆ ಇದಕ್ಕೆ ಬೇರೆ ಹೆಸರು ಇಡುತ್ತಿದ್ದೆವೇನೋ, ಆದರೆ ಅಲ್ಲಿ ನಡೆಯಿತು. ಇಂಥ ಊರುಗಳನ್ನು ಅಭ್ಯಾಸ ಮಾಡಿದ ಎಲಿನೋರ್ ಓಸ್ಟ್ರೊಮ್ ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಟೋರ್ಬೆಲ್ ಕಥೆ ಅವರ 1990ರ ಪುಸ್ತಕದಲ್ಲಿದೆ.

ಈಗ ಕೆಂಪು ಬಾಳೆಗೆ ಹೆಸರಾದ ನಮ್ಮ ಕಮಲಾಪುರದ ಕಡೆ ಬರೋಣ. ಅಲ್ಲಿ ಹಿಮದ ಕಾಟ ಇದ್ದರೆ ಇಲ್ಲಿ ಬಿಸಿಲಿನದು. ಯುಗಾದಿ ದಾಟಿದ ಮೇಲೆ ದನಕ್ಕೆ ಜೋಳದ ಕಣಿಕೆ, ತೊಗರಿ ಹೊಟ್ಟು ಬಿಟ್ಟರೆ ಇನ್ನೇನುಂಟು? ನಮಗೂ ಕಾನೂನು ಇಲ್ಲದಿಲ್ಲ. 1966ರ ಭೂಕಂದಾಯ ನಿಯಮಗಳ 97ನೆಯ ನಿಯಮದಂತೆ ನೂರು ದನಕ್ಕೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ, ಗಾಯರಾಣ ಬಿಡಬೇಕು. ವ್ಯತ್ಯಾಸ ನೋಡಿ: ನಮ್ಮದು ದನ ಎಣಿಸಿ ಜಮೀನು ಬಿಡುವ ಲೆಕ್ಕ, ಅವರದು ಮೇವು ಎಣಿಸಿ ದನ ಬಿಡುವ ಲೆಕ್ಕ. ಬಿಟ್ಟ ಗಾಯರಾಣದಲ್ಲಿ ಯಾರ ದನ ಎಷ್ಟು ಮೇಯಬೇಕೆಂದು ನಮ್ಮ ಲೆಕ್ಕ ಹೇಳುವುದಿಲ್ಲ. ಒತ್ತುವರಿಯ ಮಾತು ಬೇರೆಯೇ ಇದೆ.

ಹಾಗೆಂದು ಸ್ವಿಸ್ ನಿಯಮವನ್ನು ಎತ್ತಿ ತಂದು ಇಲ್ಲಿ ನೆಟ್ಟರೆ ಮೊದಲ ಪೆಟ್ಟು ಭೂಮಿ ಇಲ್ಲದವರಿಗೆ. ಬಣವಿಯೇ ಇಲ್ಲದ ಮನೆಯ ನಾಲ್ಕು ಆಡುಗಳು ಗಾಯರಾಣವನ್ನೇ ನಂಬಿವೆ. ಟೋರ್ಬೆಲ್ ನಿಯಮದಲ್ಲಿ ಅವಕ್ಕೆ ಜಾಗವೇ ಇಲ್ಲ. ನಮ್ಮ ಊರಲ್ಲಿ ಆ ಆಡುಗಳ ಪಾಲು ಮೊದಲು ತೆಗೆದಿಟ್ಟು, ಬಣವಿ ಉಳ್ಳವರ ದನಕ್ಕೆ ಮಾತ್ರ ಮಿತಿ ಹಾಕಬೇಕಾದೀತು. ಎಣಿಕೆಗೆ ಖರ್ಚೇನೂ ಇಲ್ಲ. ಮೃಗಶಿರ ಮಳೆಗೆ ಹುಲ್ಲು ಚಿಗುರಿದಾಗ, ದನ ಊರ ಅಗಸಿ ದಾಟುವ ಹೊತ್ತಿಗೆ ನಾಲ್ಕು ಜನ ಅಲ್ಲಿ ಕುಳಿತರೆ ಒಂದು ಮುಂಜಾನೆಯ ಕೆಲಸ.