ಗಣಿಯ ಹಳ್ಳಿಯ ವೈದ್ಯನೂ ನಮ್ಮ ಸಿದ್ದಾಪುರವೂ

ವೈದ್ಯಶಾಸ್ತ್ರದಲ್ಲಿ ಸಂಶೋಧನೆಯೆಂಬುದು ಮಹಾನಗರದ ಪ್ರಯೋಗಶಾಲೆಗಳಿಗೂ ಬೆಲೆಬಾಳುವ ಯಂತ್ರಗಳಿಗೂ ಮಾತ್ರ ಸಲ್ಲತಕ್ಕ ಕಾರ್ಯವೆಂದು ನಮ್ಮ ಜನರೂ ಅಧಿಕಾರಿವರ್ಗದವರೂ ಬಹುಕಾಲದಿಂದ ಭಾವಿಸಿರುವರು. ಊರಿನ ಕುಟುಂಬವೈದ್ಯನು ನಾಡಿ ಹಿಡಿದು ಔಷಧ ಕೊಡತಕ್ಕವನೇ ಹೊರತು ಲೋಕಕ್ಕೆ ಹೊಸ ಜ್ಞಾನವನ್ನು ಕೊಡಬಲ್ಲವನಲ್ಲವೆಂಬುದು ಈ ಭಾವನೆಯ ಸಾರ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯು ಇಲ್ಲಿ ಅಕ್ಷರಶಃ ಅನ್ವಯಿಸುವುದು. ಈ ಭಾವನೆ ಎಷ್ಟು ತಪ್ಪೆಂಬುದನ್ನು ವೇಲ್ಸ್ ದೇಶದ ಒಬ್ಬ ಹಳ್ಳಿಯ ವೈದ್ಯರ ಬರಹಗಳು ತೋರಿಸಿಕೊಟ್ಟಿವೆ. ಅವರ ವಿಷಯವನ್ನು ಕೊಡಗಿನ ತೋಟದ ಊರುಗಳವರು ವಿಶೇಷವಾಗಿ ತಿಳಿಯತಕ್ಕದ್ದಿದೆ.

ಡಾಕ್ಟರ್ ಜೂಲಿಯನ್ ಟ್ಯೂಡರ್ ಹಾರ್ಟ್‌ರವರು 1927ರಲ್ಲಿ ಲಂಡನ್ನಿನಲ್ಲಿ ಜನಿಸಿ, ಕೇಂಬ್ರಿಜ್‌ನಲ್ಲಿ ವ್ಯಾಸಂಗ ಮಾಡಿ, 1961ರಲ್ಲಿ ಗ್ಲಿನ್‌ಕೋರುಗ್ ಎಂಬ ಕಲ್ಲಿದ್ದಲ ಗಣಿಯ ಹಳ್ಳಿಯಲ್ಲಿ ವೃತ್ತಿಗೆ ನಿಂತರು. ಅಲ್ಲಿಯ ಜನಸಂಖ್ಯೆ ಸುಮಾರು 2,000. ರೋಗವೆಂದು ಬಂದವರಿಗೆ ಮದ್ದು ಕೊಟ್ಟು ಕೈತೊಳೆದುಕೊಳ್ಳುವುದು ಅವರಿಗೆ ಸಾಕೆನಿಸಲಿಲ್ಲ. ಬಾರದೆ ಉಳಿದವರು ಯಾರೆಂಬುದನ್ನು ಅವರು ಪಟ್ಟಿಯಿಂದ ಹುಡುಕಿ ತೆಗೆದರು. ರಕ್ತದೊತ್ತಡವು ನೋವು ಕೊಡದೆ ಬೆಳೆಯುವ ರೋಗ. ಅಳೆದು ನೋಡಿದ ಹೊರತು ತಿಳಿಯುವಂತಹುದಲ್ಲ. ಆದುದರಿಂದ ಊರಿನ ವಯಸ್ಕರೆಲ್ಲರ ರಕ್ತದೊತ್ತಡವನ್ನು ಅಳೆಯುವ ಕಾರ್ಯವನ್ನು ಕೈಗೊಂಡು, ಅದರ ವಿವರಗಳನ್ನು 1970ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದರು.

ಮರುವರ್ಷ, ಎಂದರೆ 1971ರಲ್ಲಿ, ಅದೇ ಪತ್ರಿಕೆಯಲ್ಲಿ ಬಂದ ಅವರ ಪ್ರಬಂಧವು ಅವರ ಹೆಸರನ್ನು ಸ್ಥಿರಗೊಳಿಸಿತು. ಎಲ್ಲಿ ಚಿಕಿತ್ಸೆಯ ಅಗತ್ಯ ಹೆಚ್ಚೋ ಅಲ್ಲಿಯೇ ಒಳ್ಳೆಯ ಚಿಕಿತ್ಸೆ ದೊರೆಯುವುದು ಕಡಮೆ. ವೈದ್ಯವೃತ್ತಿಯು ಮಾರುಕಟ್ಟೆಯ ವಶವಾದಷ್ಟೂ ಈ ಅನ್ಯಾಯವು ಬಲಿಯುವುದು: ಇದೇ ಅವರು ನಿರೂಪಿಸಿದ 'ವಿಲೋಮ ಆರೈಕೆಯ ನಿಯಮ'. ಬಡವನ ಬೀದಿಯಲ್ಲಿ ರೋಗ ಹೆಚ್ಚು, ವೈದ್ಯ ಕಡಮೆ ಎಂಬುದು ಎಲ್ಲರೂ ಕಂಡ ಸಂಗತಿಯೇ ಸರಿ. ಆದರೆ ಕಂಡದ್ದಕ್ಕೆ ಕಾರಣವನ್ನು ಕಟ್ಟಿ, ಹೆಸರನ್ನಿಟ್ಟು, ಆಳುವವರು ಉತ್ತರ ಕೊಡಲೇಬೇಕಾದ ಪ್ರಶ್ನೆಯನ್ನಾಗಿ ಮಾಡಿದವರು ಅವರು.

ಈಗಿನ ವಿದ್ವಲ್ಲೋಕದಲ್ಲಿ ಒಂದು ಲೇಖನವನ್ನು ಎಷ್ಟು ಮಂದಿ ಉಲ್ಲೇಖಿಸಿದರೆಂದು ಎಣಿಸಿ ಪಂಡಿತನ ತೂಕವನ್ನು ಗೊತ್ತುಮಾಡುವ ಪದ್ಧತಿ ಬಳಕೆಯಲ್ಲಿದೆ. ಹರ್ಷ್ ಎಂಬ ಭೌತವಿಜ್ಞಾನಿಯು 2005ರಲ್ಲಿ ಇದಕ್ಕಾಗಿ ಒಂದು ಅಂಕವನ್ನೇ ಏರ್ಪಡಿಸಿದನು. ಈ ಎಣಿಕೆಯಲ್ಲಿಯೂ ಹಾರ್ಟ್‌ರವರ ಪ್ರಬಂಧವು ಹಿಂದೆ ಬಿದ್ದುದಲ್ಲ. ಅದಕ್ಕೆ 50 ವರ್ಷ ತುಂಬಿದ 2021ರಲ್ಲಿ 'ಲ್ಯಾನ್ಸೆಟ್' ಅದನ್ನು ಮತ್ತೆ ಸ್ಮರಿಸಿತು. ಆದರೆ ನಮ್ಮ ದೃಷ್ಟಿಯಲ್ಲಿ ಅದಕ್ಕಿಂತ ದೊಡ್ಡ ಪ್ರಮಾಣವೊಂದುಂಟು. 25 ವರ್ಷಗಳ ದಾಖಲೆಯನ್ನು ಅವರೂ ಸಹೋದ್ಯೋಗಿಗಳೂ 1991ರಲ್ಲಿ ಪ್ರಕಟಿಸಿದಾಗ, ಅವರ ಹಳ್ಳಿಯಲ್ಲಿ ಅಕಾಲಮರಣಗಳು ನೆರೆಯ ಹಳ್ಳಿಗಿಂತ ಕಡಮೆಯಾಗಿದ್ದುವು. ಬರೆದ ವಿದ್ಯೆಯು ಬದುಕಿದ ಜನರಲ್ಲಿ ಕಾಣಿಸಿಕೊಂಡಿತು. 2018ರಲ್ಲಿ ಅವರು ತೀರಿಕೊಂಡರು.

ಇನ್ನು ನಮ್ಮ ಸಿದ್ದಾಪುರವನ್ನು ನೋಡೋಣ. ಸುತ್ತಲೂ ಕಾಫಿ ತೋಟಗಳು, ತೋಟಗಳೊಳಗೆ ಲೈನ್ ಮನೆಗಳು, ಬಳಿಯಲ್ಲಿ ಕಾವೇರಿ. 2019ರ ಆಗಸ್ಟಿನ ಪ್ರವಾಹದಲ್ಲಿ ಕರಡಿಗೋಡು, ಗುಹ್ಯ, ನೆಲ್ಯಹುದಿಕೇರಿಗಳ ನದೀತೀರದ ಬಡವರು ಮನೆಗಳನ್ನು ಕಳೆದುಕೊಂಡುದನ್ನು ವಾಚಕರು ಮರೆತಿರಲಾರರು. ಕೊಯ್ಲಿನ ಕಾಲದಲ್ಲಿ ಆಸ್ಪತ್ರೆಗೆ ಹೋಗುವುದೆಂದರೆ ಕೂಲಿಕಾರನಿಗೆ ಒಂದು ದಿನದ ಸಂಬಳವನ್ನು ಬಿಟ್ಟುಕೊಟ್ಟಂತೆ. ಗಣಿಯ ಹಳ್ಳಿಯಲ್ಲಿ ಹೇಳಿದ ನಿಯಮಕ್ಕೆ ತೋಟದ ಊರು ಹೊರತಾಗಲು ಕಾರಣವೇನೂ ಇಲ್ಲ. 1951ರ ಪ್ಲಾಂಟೇಶನ್ ಕಾರ್ಮಿಕರ ಶಾಸನವು ತೋಟದವರಿಗೆ ವೈದ್ಯಸೌಕರ್ಯದ ಹೊಣೆಯನ್ನು ಹೊರಿಸಿತು, ನಿಜ. ಆದರೆ ಶಾಸನವು ಕಟ್ಟಡವನ್ನು ಎಬ್ಬಿಸಬಹುದು, ಮದ್ದಿನ ಬೀರುವನ್ನು ಇಡಿಸಬಹುದು. ಬಾರದೆ ಉಳಿದ ರೋಗಿಯನ್ನು ಹುಡುಕುವ ವೈದ್ಯನನ್ನು ಅದು ಸೃಷ್ಟಿಸಲಾರದು.

ಅಂತಹ ವೈದ್ಯನನ್ನು ತಯಾರಿಸುವುದು ವಿದ್ಯಾಸಂಸ್ಥೆಗಳ ಕೆಲಸ. ಮಡಿಕೇರಿಯಲ್ಲಿ 2016ರಿಂದ ಸರಕಾರದ ವೈದ್ಯಕೀಯ ಕಾಲೇಜು ನಡೆಯುತ್ತಿದೆ. ನೆರೆಯ ಕೋಳಿಕ್ಕೋಡಿನ ಸರಕಾರಿ ಕಾಲೇಜು ಕುಟುಂಬವೈದ್ಯದಲ್ಲಿ ಸ್ನಾತಕೋತ್ತರ ಶಿಕ್ಷಣವನ್ನು ಆರಂಭಿಸಿ ದಾರಿ ತೋರಿಸಿದೆ. ಕುಟುಂಬವೈದ್ಯರ ಬರಹಗಳಿಗಾಗಿಯೇ ಭಾರತದಲ್ಲಿ 2012ರಿಂದ ಒಂದು ವಿದ್ವತ್ಪತ್ರಿಕೆಯೂ ಹೊರಡುತ್ತಿದೆ. ಬೇಕಾದುದು ದೊಡ್ಡ ಧನವಲ್ಲ. ಒಂದೇ ಊರಿನಲ್ಲಿ ಹಲವು ವರ್ಷ ನಿಲ್ಲುವ ವೈದ್ಯ, ಪ್ರತಿಯೊಂದು ಲೈನಿನ ಪ್ರತಿಯೊಬ್ಬನ ಹೆಸರುಳ್ಳ ಒಂದು ಪುಸ್ತಕ, ರಕ್ತದೊತ್ತಡವನ್ನಳೆಯುವ ಒಂದು ಉಪಕರಣ, ಇವಿಷ್ಟರಿಂದ ಆರಂಭಿಸಬಹುದು. ಎರಡು ಮೂರು ವರ್ಷಕ್ಕೊಮ್ಮೆ ವೈದ್ಯರನ್ನು ಊರಿಂದೂರಿಗೆ ವರ್ಗಮಾಡುತ್ತ ಹೋದರೆ ಪುಸ್ತಕವು ಮೊದಲ ಪುಟವನ್ನು ದಾಟದು. ಅಧಿಕಾರಿಗಳು ಈ ಒಂದು ವಿಷಯವನ್ನಾದರೂ ಮನಸ್ಸಿಗೆ ತಂದುಕೊಳ್ಳಲೆಂದು ನಾವು ಒತ್ತಿ ಹೇಳುತ್ತೇವೆ.

ಸಿದ್ದಾಪುರದ ಲೈನಿನಲ್ಲಿ ಒಬ್ಬ ತಾಯಿಯು ಪಾರ್ಶ್ವವಾಯುವಿಗೆ ತುತ್ತಾಗದೆ ಉಳಿದರೆ ಆ ಸಂಗತಿಯು ಯಾವ ಅಂಕಪಟ್ಟಿಗೂ ಸೇರದಿರಬಹುದು. ಅವಳು ಹೇಗೆ ಉಳಿದಳೆಂಬುದನ್ನು ಬರೆದಿಟ್ಟರೆ ಮಾತ್ರ, ಮತ್ತೊಂದು ಊರಿನ ತಾಯಿಯೂ ಉಳಿಯುವಳು.